ಶಾಲೆಯೂ ಮನೆಗೆ ಪಾಠ ಒಪ್ಪಿಸಬೇಕು

ಕನ್ನಡದಲ್ಲಿ ‘ಒಪ್ಪಿಸು’ ಎಂಬುದು ಅರ್ಥಸಂಪನ್ನವಾದ ಕ್ರಿಯಾಪದ. ತಂದೆತಾಯಿಗಳು ಮಗುವನ್ನು ಗುರುವಿಗೆ ಒಪ್ಪಿಸುತ್ತಾರೆ. ಮಗು ಗುರುವಿನ ಎದುರು ನಿಂತು ಪಾಠವನ್ನು ಒಪ್ಪಿಸುತ್ತದೆ. ತನ್ನ ವಶದಲ್ಲಿದ್ದ ಒಡವೆಯನ್ನು ಒಡೆಯನಿಗೆ ಲೆಕ್ಕಸಹಿತವಾಗಿ ಹಿಂದಿರುಗಿಸುವುದೂ ಒಪ್ಪಿಸುವುದೇ. ಸಂದೇಹಪಡುವವನಿಗೆ ತಿಳಿಯಹೇಳಿ ಒಡಂಬಡಿಸುವುದೂ ಒಪ್ಪಿಸುವುದೇ. ಈ ನಾಲ್ಕು ಅರ್ಥಗಳಲ್ಲಿ ಮೊದಲನೆಯ ಎರಡನ್ನು ಇಂದಿನ ಶಾಲೆಗಳು ಚೆನ್ನಾಗಿ ಬಲ್ಲವು. ಉಳಿದ ಎರಡನ್ನು ಅವು ಬಹುಮಟ್ಟಿಗೆ ಮರೆತಿವೆ. ಒಪ್ಪಿಸಿಕೊಂಡ ಮಗುವಿನ ದಿನಚರಿಯನ್ನು ಹೆತ್ತವರಿಗೆ ತಿಳಿಸುತ್ತಿರಬೇಕಾದುದು ಶಾಲೆ ತೋರುವ ಔದಾರ್ಯವೇನೂ ಅಲ್ಲ. ಅದು ಒಪ್ಪಿಸಿಕೊಂಡವರ ಮೇಲೆ ಬೀಳುವ ಋಣ. ಆ ಋಣ ಎಲ್ಲಿ ಸಲ್ಲುತ್ತಿದೆ, ಎಲ್ಲಿ ಉಳಿದುಕೊಂಡಿದೆ ಎಂಬುದನ್ನು ಪರಿಶೀಲಿಸಲು ಈ ಸಂಚಿಕೆ ತಕ್ಕ ಸ್ಥಳ.

ಪರಿಶೀಲನೆಗೆ ಚನ್ನರಾಯಪಟ್ಟಣಕ್ಕಿಂತ ಒಳ್ಳೆಯ ನೆಲೆ ಸಿಕ್ಕುವುದು ಕಷ್ಟ. ಇದು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಚನ್ನರಾಯಪಟ್ಟಣವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿ. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೈನುಗಳನ್ನು ನಂಬಿದ ಸೀಮೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ತರುವಾಯ ಈ ತಾಲ್ಲೂಕಿನ ಬದುಕು ಬೇರೊಂದು ಹದಕ್ಕೆ ತಿರುಗಿತು. ಅಪ್ಪ ಹೊಲದಲ್ಲಿದ್ದರೆ ಮಗ ನಿಲ್ದಾಣದ ಸರಕು ವಿಭಾಗದಲ್ಲಿ. ತಾಯಿ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಸೊಸೆ ಹೋಟೆಲಿನ ಪಾಳಿಗೆ ಹೊರಟಿರುತ್ತಾಳೆ. ರಸ್ತೆಯ ಎರಡೂ ಬದಿಗಳಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಹಲಗೆ ಹೊತ್ತ ಪ್ರಾಥಮಿಕ ಶಾಲೆಗಳು ಎದ್ದಿವೆ. ಮಣ್ಣಿನ ವಾಸನೆಯುಳ್ಳ ಮನೆಯಿಂದ ಹಳದಿ ಬಸ್ಸನ್ನೇರಿ ಮಗು ಆ ಶಾಲೆಗೆ ಹೋಗುತ್ತದೆ. ಮನೆಗೂ ಶಾಲೆಗೂ ನಡುವಣ ದೂರ ನಾಲ್ಕೈದು ಮೈಲಿ ಮಾತ್ರ. ಆದರೆ ಆ ದೂರವನ್ನು ದಾಟಿ ಬರುವ ಸುದ್ದಿ ಬಹಳ ಕಡಿಮೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಅಂತರರಾಷ್ಟ್ರೀಯವೆಂದು ಕರೆಸಿಕೊಳ್ಳುವ ಶಾಲೆಗಳಲ್ಲಿ ಎರಡು ಬಗೆ. ಒಂದು ಬಗೆಯವು ನಿಜಕ್ಕೂ ಬೇರೆ ದೇಶಗಳಲ್ಲಿ ಮಾನ್ಯವಾದ ಪಠ್ಯಕ್ರಮವನ್ನು ಅನುಸರಿಸುವವು. 1968ರಲ್ಲಿ ಜಿನೀವಾದಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆಯು ಮೂರರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ 1997ರಲ್ಲಿ ಒಂದು ಪ್ರಾಥಮಿಕ ಕ್ರಮವನ್ನು ಜಾರಿಗೆ ತಂದಿತು. ವಿಮಾನ ನಿಲ್ದಾಣದಿಂದ ದೂರವಲ್ಲದ ತರಹುಣಸೆಯಲ್ಲಿ 2008ರಲ್ಲಿ ಆರಂಭವಾದ ಸ್ಟೋನ್‌ಹಿಲ್ ಶಾಲೆ ಆ ಸಂಸ್ಥೆಯ ಕ್ರಮವನ್ನು ಅನುಸರಿಸುವ ಶಾಲೆಗಳಲ್ಲೊಂದು. ಇನ್ನೊಂದು ಬಗೆಯವು ಹೆಸರಿನಲ್ಲಿ ಮಾತ್ರ ಅಂತರರಾಷ್ಟ್ರೀಯವಾದವು. ಮೊದಲ ಬಗೆಯ ಶಾಲೆಗಳ ಶುಲ್ಕ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತಹುದಲ್ಲವೆಂಬುದು ನಿಜ. ಆದರೆ ಹೆತ್ತವರಿಗೆ ತಿಳಿಸುವ ವಿಷಯದಲ್ಲಿ ಅವುಗಳಿಂದ ಕಲಿಯಬೇಕಾದುದು ಬಹಳವಿದೆ; ಈ ಕಲಿಕೆಗೆ ಶುಲ್ಕವೂ ಇಲ್ಲ.

ಈ ಕ್ರಮದ ಶಾಲೆಗಳ ಪರಿಪಾಠವನ್ನು ಗಮನಿಸಬಹುದು. ಮಗು ಬರೆದ, ಬಿಡಿಸಿದ, ಕಟ್ಟಿದ ಕೆಲಸಗಳನ್ನು ಒಂದು ಕಡತದಲ್ಲಿ ಕಾಲಾನುಕ್ರಮವಾಗಿ ಕೂಡಿಡುತ್ತಾರೆ. ಮಗು, ಉಪಾಧ್ಯಾಯರು, ತಂದೆತಾಯಿ ಈ ಮೂವರೂ ಒಟ್ಟಿಗೆ ಕುಳಿತು ಮಾತನಾಡುವ ಸಭೆಗಳಿರುತ್ತವೆ. ಮತ್ತೊಂದು ಸಭೆಯನ್ನು ಮಗುವೇ ನಡೆಸುತ್ತದೆ. ತಾನು ಏನನ್ನು ಕಲಿತೆ, ಎಲ್ಲಿ ತಡವರಿಸಿದೆ, ಮುಂದೆ ಏನನ್ನು ಕಲಿಯಬೇಕೆಂದಿದ್ದೇನೆ ಎಂಬುದನ್ನು ತನ್ನ ಕಡತವನ್ನು ತೆರೆದು ತಾನೇ ತೋರಿಸುತ್ತದೆ. ಉಪಾಧ್ಯಾಯರು ಹಿಂದೆ ನಿಂತಿರುತ್ತಾರೆ. ಕೊನೆಯ ವರ್ಷದಲ್ಲಿ ಮಕ್ಕಳು ಒಂದು ಸಮಸ್ಯೆಯನ್ನು ಆರಿಸಿಕೊಂಡು ವಿಚಾರಿಸಿ, ಕಂಡುಕೊಂಡದ್ದನ್ನು ಊರವರ ಮುಂದೆ ಪ್ರದರ್ಶಿಸುತ್ತಾರೆ. ಅಂಕಪಟ್ಟಿಯೊಂದರಿಂದ ಎಂದಿಗೂ ತಿಳಿಯದ ಸಂಗತಿಗಳು ಇಲ್ಲಿ ತಂದೆತಾಯಿಗಳಿಗೆ ತಿಳಿಯುತ್ತವೆ.

ಎರಡನೆಯ ಬಗೆಯ ಶಾಲೆಗಳಿಂದ ಮನೆಗೆ ಏನು ಬರುತ್ತದೆ? ಕಾಗದಗಳೇನೋ ಬರುತ್ತವೆ, ಕೈಫೋನಿಗೆ ದಿನಕ್ಕೆ ಹತ್ತು ಸಂದೇಶಗಳೂ ಬರುತ್ತವೆ. ಶುಲ್ಕದ ಕಂತು, ಸಮವಸ್ತ್ರದ ಬಣ್ಣ, ಬಸ್ಸಿನ ಹೊತ್ತು, ವಾರ್ಷಿಕೋತ್ಸವದ ವೇಷಭೂಷಣದ ಖರ್ಚು ಇವೇ ಅವುಗಳ ವಸ್ತು. ಮಗು ಏನನ್ನು ಕಲಿತಿತು, ಯಾರೊಡನೆ ಆಡಿತು, ಯಾವ ದಿನ ಅತ್ತಿತು, ಊಟದ ಡಬ್ಬಿಯನ್ನು ಬಿಚ್ಚಿತೇ ಇಲ್ಲವೇ ಎಂಬ ವಾರ್ತೆ ಬರುವುದು ಅಪರೂಪ. ಬಂದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಕನ್ನಡದ ‘ಸುತ್ತೋಲೆ’ ಎಂಬ ಪದ ಸುತ್ತಿ ಬರುವ ಓಲೆ ಎಂಬ ಅರ್ಥದ್ದು. ಈ ಓಲೆ ಊರೆಲ್ಲ ಸುತ್ತಿದರೂ ಓದಬೇಕಾದವರ ಮನಸ್ಸಿನ ಬಾಗಿಲಿಗೆ ಬಂದು ಮುಟ್ಟುವುದಿಲ್ಲ.

ಈ ಸೀಮೆಯ ರೇಷ್ಮೆ ಬೆಳೆಗಾರನನ್ನು ನೆನೆಯಬೇಕು. ಚಾಕಿ ಕಟ್ಟಿದ ದಿನದಿಂದ ಹುಳು ಹಣ್ಣಾಗಿ ಚಂದ್ರಿಕೆಗೇರುವವರೆಗೆ ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ಹಿಡಿಯದು. ಆ ಅವಧಿಯಲ್ಲಿ ಹುಳುವಿಗೆ ನಾಲ್ಕು ಜ್ವರಗಳು. ಪ್ರತಿಯೊಂದು ಜ್ವರಕ್ಕೆ ಹುಳು ಕೂತಿತೇ, ಎದ್ದಿತೇ, ಸೊಪ್ಪು ಮುಟ್ಟಿತೇ ಎಂಬುದನ್ನು ಆತ ಹಗಲಿರುಳೂ ಕಣ್ಣಿಟ್ಟು ನೋಡುತ್ತಾನೆ. ಒಂದು ಹೊತ್ತಿನ ಅಲಕ್ಷ್ಯಕ್ಕೆ ಬೆಳೆಯೇ ಹೋದೀತೆಂಬುದು ಆತನ ಅನುಭವಸಿದ್ಧ ಜ್ಞಾನ. ಇಂತಹ ಸೂಕ್ಷ್ಮವನ್ನು ಬಲ್ಲವನಿಗೆ ತನ್ನ ಸ್ವಂತ ಮಗುವಿನ ಬಗ್ಗೆ ವರ್ಷದ ಕೊನೆಗೆ ಒಂದು ಅಂಕಪಟ್ಟಿಯನ್ನು ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನ್ಯಾಯವೇ? ಆತ ತಿಳಿಯಲಾರದವನಲ್ಲ. ತಿಳಿಯುವ ಬಗೆಯಲ್ಲಿ ತಿಳಿಸುವವರು ಆತನಿಗೆ ಸಿಕ್ಕಿಲ್ಲ.

ಇದರ ಪರಿಣಾಮವನ್ನು ಹಗುರವಾಗಿ ಎಣಿಸಬಾರದು. ಇಂಗ್ಲಿಷಿನ ಕಾಗದವನ್ನು ಮನೆಯಲ್ಲಿ ಓದಬಲ್ಲ ವ್ಯಕ್ತಿ ಆ ಮಗು ಒಂದೇ. ಆದ್ದರಿಂದ ತನ್ನ ಮೇಲಣ ದೂರಿಗೆ ತಾನೇ ಅನುವಾದಕನಾಗುವ ವಿಚಿತ್ರ ಸ್ಥಿತಿ ಎಂಟು ವರ್ಷದ ಬಾಲಕನಿಗೆ ಒದಗುತ್ತದೆ. ‘ಮಗು ಸಹಪಾಠಿಗಳೊಡನೆ ಬೆರೆಯುತ್ತಿಲ್ಲ, ಒಂಟಿಯಾಗಿ ಕೂರುತ್ತಾನೆ’ ಎಂದು ಬರೆದದ್ದನ್ನು ಆತ ‘ಚೆನ್ನಾಗಿ ಓದುತ್ತಿದ್ದಾನೆಂದು ಬರೆದಿದ್ದಾರೆ, ಅಮ್ಮ’ ಎಂದು ಓದಿದರೆ ಆಶ್ಚರ್ಯವೇನು? ತಾಯಿ ಸಂತೋಷದಿಂದ ಹೆಬ್ಬೆಟ್ಟನ್ನೋ ರುಜುವನ್ನೋ ಒತ್ತುತ್ತಾಳೆ. ಶಾಲೆಯ ದಾಖಲೆಯಲ್ಲಿ ‘ಪೋಷಕರಿಗೆ ತಿಳಿಸಲಾಗಿದೆ’ ಎಂದು ನಮೂದಾಗುತ್ತದೆ. ಮಗುವಿನ ದುಃಖ ಮಗುವಿನಲ್ಲಿಯೇ ಉಳಿಯುತ್ತದೆ. ಇದಕ್ಕಿಂತಲೂ ದೊಡ್ಡ ನಷ್ಟ ಮತ್ತೊಂದಿದೆ: ತನ್ನ ತಂದೆತಾಯಿಗಳು ಏನೂ ತಿಳಿಯದವರೆಂಬ ತಾತ್ಸಾರ ಆ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಮನೆಯನ್ನು ಕಂಡು ನಾಚುವುದನ್ನು ಕಲಿಸಿದ ಶಾಲೆ, ಬೇರೆ ಏನನ್ನು ಕಲಿಸಿದರೂ, ವಿದ್ಯೆಯನ್ನು ಕಲಿಸಿದಂತಾಗಲಿಲ್ಲ.

ಹೆತ್ತವರನ್ನು ಶಾಲೆಯ ಹೊಸ್ತಿಲಿನ ಆಚೆಗೆ ನಿಲ್ಲಿಸುವುದು ಕನ್ನಡ ನಾಡಿನ ಹಳೆಯ ಸಂಪ್ರದಾಯವಲ್ಲ. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿಚಾರಣೆಗೆ ಆಜ್ಞಾಪಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಒಂದು ವಿಸ್ತಾರವಾದ ವರದಿಯನ್ನು ಸಲ್ಲಿಸಿದನು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದರು. 235 ಶಾಲೆಗಳಲ್ಲಿ ಕನ್ನಡದಲ್ಲಿ ಪಾಠ ನಡೆಯುತ್ತಿತ್ತು. ಆ ವರದಿಯ ಒಂದು ಭಾಗ ಇಂದಿಗೂ ಮನನೀಯವಾದುದು. ಮಗುವಿಗೆ ಐದು ವರ್ಷ ತುಂಬಿದಾಗ ಅದು ನೇರವಾಗಿ ಶಾಲೆಗೆ ಹೋಗುತ್ತಿರಲಿಲ್ಲ. ಶಾಲೆಯೇ ಮನೆಗೆ ಬರುತ್ತಿತ್ತು. ಉಪಾಧ್ಯಾಯರನ್ನೂ ಎಲ್ಲ ವಿದ್ಯಾರ್ಥಿಗಳನ್ನೂ ತಂದೆತಾಯಿಗಳು ಮನೆಗೆ ಆಹ್ವಾನಿಸುವರು. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕೂಡುವರು. ಉಪಾಧ್ಯಾಯರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುವರು. ಹೀಗೆ ಮೊದಲ ದಿನವೇ ಗುರುವು ಮಗುವಿನ ಮನೆಯನ್ನು ಕಾಣುತ್ತಿದ್ದನು, ಮನೆಯವರು ಗುರುವನ್ನು ಕಾಣುತ್ತಿದ್ದರು. ಅರ್ಥ ತಿಳಿಯದೆ ಪದ್ಯಗಳನ್ನು ಉರುಹಚ್ಚಿಸುವ ದೋಷವನ್ನೂ, ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿದ್ದುದನ್ನೂ ಆ ವರದಿಯೇ ಹೇಳುತ್ತದೆ. ಹಳೆಯದೆಲ್ಲವೂ ಹೊನ್ನಲ್ಲ. ಆದರೆ ಮನೆ ಮತ್ತು ಶಾಲೆಗಳ ನಡುವೆ ಆಗ ಗೋಡೆಯಿರಲಿಲ್ಲ.

ಹಳೆಯ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಇನ್ನೊಂದು ಸೊಗಸಾದ ವಾಡಿಕೆಯಿತ್ತು. ಮಹಾನವಮಿಯ ದಿನಗಳಲ್ಲಿ ಐಗಳು ಹುಡುಗರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ, ಅವರಿಂದ ಚೌಪದಗಳನ್ನು ಹಾಡಿಸುತ್ತಿದ್ದರು. ಮನೆಯವರು ಐಗಳಿಗೆ ಕಾಣಿಕೆಯನ್ನೂ ಹುಡುಗರಿಗೆ ತಿಂಡಿಯನ್ನೂ ಕೊಡುತ್ತಿದ್ದರು. ಇದನ್ನು ಕೇವಲ ಭಿಕ್ಷಾಟನೆಯೆಂದು ತಿಳಿಯುವವರು ಅದರ ಒಳಮರ್ಮವನ್ನು ಅರಿಯರು. ಅಂದು ಮಗು ತನ್ನ ಮನೆಯ ಅಂಗಳದಲ್ಲಿಯೇ ನಿಂತು, ಅಜ್ಜಿ, ಅತ್ತೆ, ನೆರೆಹೊರೆಯವರ ಎದುರಿನಲ್ಲಿ ತಾನು ಕಲಿತುದನ್ನು ಬಾಯಿಬಿಟ್ಟು ಒಪ್ಪಿಸುತ್ತಿತ್ತು. ಯಾರಿಗೆ ಉಚ್ಚಾರಣೆ ಶುದ್ಧವಾಗಿದೆ, ಯಾರ ದನಿ ನಡುಗುತ್ತದೆ, ಐಗಳು ಯಾವ ಹುಡುಗನನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಅಕ್ಷರವರಿಯದ ತಾಯಿಗೂ ಗೊತ್ತಾಗುತ್ತಿತ್ತು. ಜಿನೀವಾದ ಕ್ರಮದ ಶಾಲೆಗಳಲ್ಲಿ ಮಗುವೇ ನಡೆಸುವ ಸಭೆ ಇದರ ಸೋದರ ಸಂಬಂಧಿಯಲ್ಲದೆ ಬೇರೆಯಲ್ಲ. ಹೊರಗಿನಿಂದ ಹೊಸದೆಂದು ಬಂದುದು ಮನೆಯ ಅಟ್ಟದ ಮೇಲೆ ಮೊದಲೇ ಇತ್ತು.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸನ್ನು ಅನುಸರಿಸಿ 2001ರಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. 2009ರ ಕಡ್ಡಾಯ ಶಿಕ್ಷಣ ಹಕ್ಕಿನ ಕಾಯಿದೆ, ಶಾಲಾ ವ್ಯವಸ್ಥಾಪನಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳೇ ಆಗಿರಬೇಕೆಂದು ವಿಧಿಸಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಸಮಿತಿಯ ನಿರ್ಬಂಧವಿಲ್ಲ. ಆದರೆ ಅದೇ ಕಾಯಿದೆಯ 24ನೆಯ ಪ್ರಕರಣವು ಉಪಾಧ್ಯಾಯರ ಕರ್ತವ್ಯಗಳನ್ನು ಎಣಿಸುವಾಗ, ತಂದೆತಾಯಿಗಳೊಡನೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಾದ ಪ್ರಗತಿ ಮುಂತಾದುವನ್ನು ಅವರಿಗೆ ತಿಳಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಗಮನಿಸಬೇಕಾದ ಮಾತು ‘ತಿಳಿಸಬೇಕು’ ಎಂಬುದು. ಕಳಿಸುವುದು ಬೇರೆ, ತಿಳಿಸುವುದು ಬೇರೆ. ಕೇಳುವವನಿಗೆ ತಿಳಿದಾಗಲೇ ತಿಳಿಸುವ ಕ್ರಿಯೆ ಪೂರ್ಣವಾಗುವುದು; ಇದು ವ್ಯಾಕರಣದ ಪ್ರೇರಣಾರ್ಥಕ ಕ್ರಿಯೆಯ ಮೊದಲ ಪಾಠ.

ಈ ಹೋಬಳಿಯ ಜನ ಕಾಗದದ ತೂಕವನ್ನು ಅರಿಯದವರೆಂದು ಯಾರೂ ಭಾವಿಸಬಾರದು. ಕೈಗಾರಿಕೆಗಾಗಿ 13 ಗ್ರಾಮಗಳ 1777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪ ಬಂದಾಗ, 2022ರ ಏಪ್ರಿಲ್ ತಿಂಗಳಿನಿಂದ ಚನ್ನರಾಯಪಟ್ಟಣದಲ್ಲಿ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾಪವನ್ನು ಕೈಬಿಡುವುದಾಗಿ ಪ್ರಕಟಿಸಿತು. ಒಂದು ಅಧಿಸೂಚನೆಯಲ್ಲಿನ ಅಕ್ಷರಕ್ಕೆ ಎಷ್ಟು ಬಲವುಂಟೆಂಬುದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಣ್ಣಿನ ಬಗ್ಗೆ ಇಷ್ಟು ಎಚ್ಚರವುಳ್ಳ ಜನ ಮಕ್ಕಳ ಬಗ್ಗೆ ನಿರ್ಲಕ್ಷ್ಯದಿಂದಿದ್ದಾರೆಂದು ಹೇಳುವುದು ಸುಲಭದ ಅಪವಾದ.

ಆ ಅಪವಾದವನ್ನು ಶಾಲೆಗಳು ಆಗಾಗ ಹೊರಿಸುತ್ತವೆ. ಸಭೆ ಕರೆದರೆ ತಂದೆತಾಯಿಗಳು ಬರುವುದಿಲ್ಲವೆಂಬುದು ಮೊದಲನೆಯ ಆಕ್ಷೇಪ. ಬುಧವಾರ ಬೆಳಗಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ದಿನಗೂಲಿಯವಳು ಒಂದು ದಿನದ ಅನ್ನವನ್ನು ಬಿಟ್ಟು ಬರಬೇಕಾಗುತ್ತದೆ. ರಾತ್ರಿಪಾಳಿ ಮುಗಿಸಿದವನು ನಿದ್ರೆಯನ್ನು ಬಿಟ್ಟು ಬರಬೇಕಾಗುತ್ತದೆ. ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ, ಇಲ್ಲವೇ ಭಾನುವಾರ, ಶಾಲೆಯ ಬದಲು ಊರ ಅರಳಿಕಟ್ಟೆಯಲ್ಲಿ ಕರೆದು ನೋಡಲಿ. ಕೊರೋನಾ ಕಾಲದಲ್ಲಿ, 2020ರ ಆಗಸ್ಟ್ ತಿಂಗಳಲ್ಲಿ, ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಯ ಉಪಾಧ್ಯಾಯರು ಮರದ ನೆರಳು, ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದು ನಿಂತುಹೋಯಿತು. ಆದರೆ ಆ ಕೆಲವು ವಾರಗಳಲ್ಲಿ ಪಾಠವೆಂಬುದು ಊರವರ ಕಣ್ಣೆದುರಿಗೇ ನಡೆಯಿತು. ಕಾಲ ಕೆಟ್ಟಿದ್ದಾಗ ತೆರೆದ ಬಾಗಿಲು ಕಾಲ ನೆಟ್ಟಗಾದ ಮೇಲೆ ಮತ್ತೆ ಮುಚ್ಚಿದುದು ವಿಷಾದಕರ.

ಕನ್ನಡದಲ್ಲಿ ಬರೆಯುವವರಿಲ್ಲವೆಂಬುದು ಎರಡನೆಯ ಆಕ್ಷೇಪ. ಇದು ನಿಲ್ಲುವ ಮಾತಲ್ಲ. ಯಾವ ಮಂಡಳಿಯ ಪಠ್ಯಕ್ರಮವಿದ್ದರೂ ರಾಜ್ಯದ ಶಾಲೆಗಳು ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಹೇಳುತ್ತದೆ. 2017–18ರಿಂದ ಅದು ಹಂತಹಂತವಾಗಿ ಜಾರಿಗೆ ಬಂದಿದೆ. ಅಂದಮೇಲೆ ಪ್ರತಿಯೊಂದು ಶಾಲೆಯಲ್ಲಿಯೂ ಕನ್ನಡ ಬಲ್ಲ ಉಪಾಧ್ಯಾಯರೊಬ್ಬರಾದರೂ ಇರಲೇಬೇಕು. ಕನ್ನಡ ಪಂಡಿತರ ಕೆಲಸ ತರಗತಿಯಲ್ಲಿ ಒತ್ತಕ್ಷರ ತಿದ್ದುವಲ್ಲಿಗೆ ಮುಗಿಯಬಾರದು. ಶಾಲೆಯ ಹೃದಯವನ್ನು ಮನೆಯ ಮಾತಿಗೆ ತರುವುದೂ ಅವರ ಪಾಂಡಿತ್ಯಕ್ಕೆ ಒಪ್ಪುವ ಕೆಲಸವೇ. ಆದರೆ ನ್ಯಾಯ ಪೂರ್ಣವಾಗಬೇಕಾದರೆ ಇನ್ನೂ ಒಂದು ಮಾತನ್ನು ಹೇಳಬೇಕು. ಈ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು ಅಥವಾ ಉರ್ದು. ಕಟ್ಟಡದ ಕೆಲಸಕ್ಕೆ ದೂರದಿಂದ ಬಂದವರ ಮಾತು ಇನ್ನೂ ಬೇರೆ. ಅಂತಹವರಿಗೆ ಕನ್ನಡದ ಕಾಗದವೂ ಇಂಗ್ಲಿಷಿನ ಕಾಗದದಷ್ಟೇ ಮೂಕ. ಅವರೊಡನೆ ಅವರ ಮಾತಿನಲ್ಲಿಯೇ ಆಡುವವರೊಬ್ಬರನ್ನು ಹುಡುಕಬೇಕು. ಓದಲಾರದವರಿಗೆ ಬಾಯಿಮಾತಿನಲ್ಲಿಯೇ ಹೇಳಬೇಕು.

ತಿಳಿಸುವ ಭರದಲ್ಲಿ ಮಿತಿ ಮೀರುವ ಅಪಾಯವೂ ಉಂಟು. ಗಂಟೆಗೊಂದು ಚಿತ್ರ, ದಿನಕ್ಕೊಂದು ಅಂಕ ಕಳಿಸಿ ತಂದೆತಾಯಿಗಳನ್ನು ಪತ್ತೇದಾರರನ್ನಾಗಿ ಮಾಡುವುದು ಮಗುವಿಗೆ ಹಿತವಲ್ಲ. ಮಗುವಿಗೂ ತನ್ನದೇ ಆದ ಸಣ್ಣಪುಟ್ಟ ಗುಟ್ಟುಗಳಿಗೆ, ಜಗಳ ಮಾಡಿ ತಾನೇ ರಾಜಿಯಾಗುವ ಅವಕಾಶಕ್ಕೆ ಹಕ್ಕಿದೆ. ಒಂದು ಮಗುವಿನ ತಪ್ಪನ್ನು ಐವತ್ತು ಮನೆಯವರು ಓದುವ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಊರ ಚಾವಡಿಯಲ್ಲಿ ನಿಲ್ಲಿಸಿ ಬೈದುದಕ್ಕೆ ಸಮಾನ. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿಯ ಬಳಕೆಗೆ ತಂದೆತಾಯಿಗಳ ಸಮ್ಮತಿ ಬೇಕೆಂಬ ವಿಧಿಯನ್ನು 2023ರ ಮಾಹಿತಿ ಸಂರಕ್ಷಣಾ ಕಾಯಿದೆ ಒಳಗೊಂಡಿದೆ. ಕಾಯಿದೆ ಇಲ್ಲದಿದ್ದರೂ ಮರ್ಯಾದೆ ಇದೆ. ಗುಣವನ್ನು ಹತ್ತು ಜನರ ಮುಂದೆ ಹೇಳಬೇಕು, ದೋಷವನ್ನು ಹೆತ್ತವರ ಕಿವಿಗೆ ಮಾತ್ರ ಹೇಳಬೇಕು. ಅದನ್ನೂ ಹೇಳುವ ಬಗೆಯೊಂದುಂಟು. ‘ನಿಮ್ಮ ಹುಡುಗ ಲೆಕ್ಕದಲ್ಲಿ ದಡ್ಡ’ ಎಂದರೆ ಮನೆಯವರಿಗೆ ಉಳಿಯುವುದು ಬೆತ್ತವೊಂದೇ. ‘ಕೂಡುವ ಲೆಕ್ಕ ಬರುತ್ತದೆ, ದಶಕ ಬಂದಾಗ ತಡವರಿಸುತ್ತಾನೆ’ ಎಂದರೆ ಸಂತೆಗೆ ಕರೆದೊಯ್ದು ಚಿಲ್ಲರೆ ಎಣಿಸಿ ಕಲಿಸುವ ದಾರಿ ತಂದೆಗೆ ಹೊಳೆಯುತ್ತದೆ.

ಇದು ಕೇವಲ ಹಣವುಳ್ಳ ಶಾಲೆಗಳನ್ನು ಕುರಿತ ಮಾತಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಅನ್ನ, ವಸತಿ, ವಿದ್ಯೆಗಳು ದೊರಕುತ್ತಿರುವ ಮಕ್ಕಳ ಹೆತ್ತವರು ದೂರದ ಊರುಗಳಲ್ಲಿರುತ್ತಾರೆ. ಹದಿನೈದು ಪೈಸೆಯ ಅಂಚೆ ಕಾರ್ಡಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ತಮ್ಮ ತಾಯಿಗೆ ಕಳಿಸಿದ ಕಾಲವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಮರೆತಿರಲಾರರು. ಆ ಕಾರ್ಡನ್ನು ಹಳ್ಳಿಯಲ್ಲಿ ಓದಿ ಹೇಳುತ್ತಿದ್ದವನು ಅಂಚೆಯವನೋ ಶಾಲೆಯ ಮೇಷ್ಟ್ರೋ ಆಗಿರುತ್ತಿದ್ದ. ತಾಯಿ ಅದನ್ನು ದೇವರ ಗೂಡಿನಲ್ಲಿ ಇಡುತ್ತಿದ್ದಳು. ಉಚಿತವಾಗಿ ಕೊಡುತ್ತೇವೆಂಬ ಕಾರಣಕ್ಕೆ ಲೆಕ್ಕ ಒಪ್ಪಿಸುವ ಹೊಣೆ ತಪ್ಪುವುದಿಲ್ಲ. ಶುಲ್ಕ ಕೊಟ್ಟವನು ಕೇಳುವ ಧೈರ್ಯವನ್ನಾದರೂ ಮಾಡುತ್ತಾನೆ. ದಾಸೋಹದಲ್ಲಿ ಉಣ್ಣುವ ಮಗುವಿನ ತಾಯಿ ಸಂಕೋಚದಿಂದ ಬಾಯಿ ತೆರೆಯಲಾರಳು. ಕೇಳಲಾರದವಳಿಗೆ ತಾವಾಗಿಯೇ ಹೇಳುವುದು ಹೆಚ್ಚಿನ ಧರ್ಮ.

ಮಾಡಬೇಕಾದುದೇನು? ಉಪಾಧ್ಯಾಯರು ಮಗು ಸೇರಿದ ವರ್ಷದಲ್ಲಿ ಒಮ್ಮೆಯಾದರೂ ಅದರ ಮನೆಗೆ ಹೋಗಿ ಬರಲಿ. ತಿಂಗಳಿಗೊಂದು ಹಾಳೆ ಸಾಕು. ಅದರಲ್ಲಿ ಆ ತಿಂಗಳು ತರಗತಿ ಏನು ಕಲಿಯಿತು, ಮನೆಯಲ್ಲಿ ಏನನ್ನು ಕೇಳಬಹುದು ಎಂಬುದು ಸರಳವಾದ ಕನ್ನಡದಲ್ಲಿರಲಿ. ಅರ್ಧ ವರ್ಷಕ್ಕೊಮ್ಮೆ ಮಗುವೇ ತನ್ನ ಪುಸ್ತಕವನ್ನು ಹಿಡಿದು ಹೆತ್ತವರಿಗೆ ಒಪ್ಪಿಸಲಿ. ಬಿದ್ದ ಪೆಟ್ಟು, ಬಂದ ಜ್ವರ, ಆದ ಅವಮಾನ ಇವುಗಳನ್ನು ಅಂದೇ ತಿಳಿಸಲಿ. ಮುಚ್ಚಿಟ್ಟ ಸಣ್ಣ ಸುದ್ದಿ ದೊಡ್ಡ ಅಪನಂಬಿಕೆಯಾಗಿ ಬೆಳೆಯುತ್ತದೆ. ಆಡಳಿತ ಮಂಡಳಿಗಳು ಈ ಕೆಲಸವನ್ನು ಉಪಾಧ್ಯಾಯರ ತಲೆಯ ಮೇಲೆ ಹೆಚ್ಚಿನ ಹೊರೆಯಾಗಿ ಹೇರಬಾರದು. ಕಡ್ಡಾಯ ಶಿಕ್ಷಣ ಕಾಯಿದೆ ಪಾಠದ ಸಿದ್ಧತೆಯನ್ನೂ ಸೇರಿಸಿ ಉಪಾಧ್ಯಾಯರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಗೊತ್ತುಮಾಡಿದೆ. ಮನೆಯವರೊಡನೆ ಮಾತನಾಡುವ ಹೊತ್ತನ್ನೂ ಅದರೊಳಗೇ ಎಣಿಸಬೇಕು.

ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಓದಲಾರದ ತಂದೆತಾಯಿಗಳಿಗೆ ಓದಿ ಹೇಳುವವರಾಗಲಿ, ಸಭೆಗೆ ಅವರನ್ನು ಕರೆದುಕೊಂಡು ಬರುವವರಾಗಲಿ. ದಾನಿಗಳಿಗೂ ಒಂದು ವಿನಂತಿಯುಂಟು. ಕೊಠಡಿಗೆ ಹಣ ಕೊಟ್ಟರೆ ಗೋಡೆಯ ಮೇಲೆ ಹೆಸರಿನ ಕಲ್ಲು ನಿಲ್ಲುತ್ತದೆ; ಮನೆಗೂ ಶಾಲೆಗೂ ನಡುವೆ ಓಡಾಡಿ ಮಾತನಾಡುವ ಒಬ್ಬ ಸಹಾಯಕರ ವೇತನಕ್ಕೆ ಹಣ ಕೊಟ್ಟರೆ ಯಾವ ಕಲ್ಲೂ ನಿಲ್ಲುವುದಿಲ್ಲ. ಆದರೆ ಆ ದಾನದಿಂದ ಒಂಟಿಯಾಗಿ ಕೂತಿದ್ದ ಮಗುವೊಂದರ ದುಃಖ ಅದರ ತಾಯಿಗೆ ಅದೇ ವಾರದಲ್ಲಿ ತಿಳಿದೀತು. ಮಗುವನ್ನು ನಂಬಿ ಒಪ್ಪಿಸಿದವರಿಗೆ ಅದರ ಲೆಕ್ಕವನ್ನು ನಡುನಡುವೆ ಒಪ್ಪಿಸುತ್ತ ಬರುವ ಶಾಲೆ ಚಿಕ್ಕದಾದರೂ ಅದು ದೊಡ್ಡ ಶಾಲೆ. ಅಂತಹ ಶಾಲೆಗಳು ಈ ನಾಡಿನಲ್ಲಿ ಹೆಚ್ಚಲಿ.